ಸೋಲುವವನ ಪಾತ್ರಕ್ಕೇ ಯಾಕೆ ಜಾಸ್ತಿ ದುಡ್ಡು?

(ಕಾಲೇಜೊಂದರ ಕನ್ನಡ ಸಂಘದಲ್ಲಿ ಆಡಿದ ಮಾತಿನ ಬರಹ ರೂಪ. ಅವತ್ತು ಹೇಳಲು ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ, ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ದುರಂತ ನಾಯಕರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಗ್ರೀಸಿನಿಂದ ಶುರು ಮಾಡುವುದು ವಾಡಿಕೆ. ನಾನು ಮಂಡ್ಯ, ತುಮಕೂರಿನ ಕಡೆಯಿಂದ ಶುರು ಮಾಡುತ್ತೇನೆ.

ಆ ಕಡೆಯವರಿಗೆ ‘ಕುರುಕ್ಷೇತ್ರ’ ನಾಟಕದ ಬಗ್ಗೆ ಹೇಳಬೇಕಾಗಿಲ್ಲ. ಹಬ್ಬಕ್ಕೋ ಜಾತ್ರೆಗೋ ಊರವರೇ ಸೇರಿ ರಾತ್ರಿಯಿಡೀ ಆಡುವ ಪೌರಾಣಿಕ ನಾಟಕ ಅದು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು, ಮಾತು ಕಲಿಸುತ್ತಾರೆ. ಮೇಷ್ಟ್ರಿಗೆ, ಸೀನರಿಯವರಿಗೆ, ಡ್ರೆಸ್ಸಿನವರಿಗೆ ಆಗುವ ಖರ್ಚು ಪಾರ್ಟು ಮಾಡುವವರ ಜೇಬಿನಿಂದಲೇ ಬರಬೇಕು. ಒಂದೊಂದು ಪಾರ್ಟಿಗೆ ಒಂದೊಂದು ರೇಟು. ಕೃಷ್ಣನಿಗೆ ಜಾಸ್ತಿ, ಸರಿ, ಅವನು ದೇವರು. ಆದರೆ ದುರ್ಯೋಧನನಿಗೂ ಜಾಸ್ತಿ! ಊರಲ್ಲಿ ನಾಲ್ಕು ಕಾಸು ಇರುವವನು, ದನಿ ಇರುವವನು, ಮೀಸೆ ಇರುವವನು ಆ ಪಾರ್ಟಿಗೆ ಮುಗಿಬೀಳುತ್ತಾನೆ. ಅವನು ಗದೆ ಹೆಗಲಿಗೇರಿಸಿ ಒಳಗೆ ಬಂದರೆ ಸಾಕು, ನಾಟಕ ಅಲ್ಲೇ ನಿಂತು, ಅಭಿಮಾನಿಗಳು ನೋಟಿನ ಹಾರ ಹಾಕಿ, ಮೈಕಿನಲ್ಲಿ ಹೆಸರು ಕೂಗಿಸಿಕೊಂಡು ಇಳಿಯುತ್ತಾರೆ. ಬೆಳಗಿನ ಜಾವ ಅವನ ತೊಡೆ ಮುರಿಯುತ್ತದೆ ಅಂತ ಹಾರ ಹಾಕಿದವರಿಗೂ ಗೊತ್ತು, ಹಾಕಿಸಿಕೊಂಡವನಿಗೂ ಗೊತ್ತು.

ಗೆದ್ದ ಧರ್ಮರಾಯನ ಪಾರ್ಟಿಗೆ ಇಷ್ಟು ನೂಕುನುಗ್ಗಲು ಇಲ್ಲ. ಯಾಕೆ? ಇದೇ ಇವತ್ತಿನ ನನ್ನ ಪ್ರಶ್ನೆ.

ಸುಲಭದ ಉತ್ತರ ಒಂದಿದೆ: ಪಾಪ, ಅವನು ಕಷ್ಟಪಟ್ಟ, ನಮ್ಮ ಕರುಳು ಚುರ್ ಅಂತು. ಈ ಉತ್ತರ ಸಾಲದು. ಬರೀ ಕಷ್ಟವೇ ಸಾಕಾಗಿದ್ದರೆ ಹರಿಶ್ಚಂದ್ರನನ್ನು ಮೀರಿಸಿದ ದುರಂತ ನಾಯಕ ಬೇರೆ ಯಾರೂ ಇರುತ್ತಿರಲಿಲ್ಲ. ರಾಜ್ಯ ಹೋಯಿತು, ಹೆಂಡತಿಯನ್ನು ಮಾರಿದ, ಮಗ ಸತ್ತ, ಸುಡುಗಾಡು ಕಾದ. ರಾಘವಾಂಕ ಬರೆದ ಚಂದ್ರಮತಿಯ ಗೋಳು ಓದಿ ಅಳದವರು ಕಮ್ಮಿ. ಆದರೂ ಕೊನೆಗೆ ದೇವರು ಬಂದು ಎಲ್ಲ ವಾಪಸ್ ಕೊಡುತ್ತಾನೆ. ಅದು ಪರೀಕ್ಷೆ. ಪರೀಕ್ಷೆ ಮುಗಿದ ಮೇಲೆ ಪಾಸಾದವರ ಬಗ್ಗೆ ನಮಗೆ ಖುಷಿಯಾಗುತ್ತದೆ, ಅಷ್ಟೇ. ಅವನು ನಮ್ಮ ನಿದ್ದೆ ಕೆಡಿಸುವುದಿಲ್ಲ.

ಅರಿಸ್ಟಾಟಲ್ ಹೇಳಿದ್ದು ನಿಮಗೆ ಪಾಠದಲ್ಲಿ ಬಂದಿರುತ್ತದೆ. ನಾಯಕ ಪೂರ್ತಿ ಒಳ್ಳೆಯವನೂ ಆಗಿರಬಾರದು, ಪೂರ್ತಿ ಕೆಟ್ಟವನೂ ಆಗಿರಬಾರದು, ಯಾವುದೋ ಒಂದು ತಪ್ಪು ಹೆಜ್ಜೆಯಿಂದ ಬೀಳಬೇಕು, ನೋಡುವವರಿಗೆ ಕರುಣೆಯೂ ಭಯವೂ ಹುಟ್ಟಬೇಕು. ಸರಿಯಾದ ಮಾತೇ. ಆದರೆ ‘ತಪ್ಪು ಹೆಜ್ಜೆ’ ಅನ್ನುವುದಕ್ಕೇ ಜೋತುಬಿದ್ದರೆ ನಾವು ಉತ್ತರ ಪತ್ರಿಕೆ ತಿದ್ದುವ ಮೇಷ್ಟ್ರಾಗಿಬಿಡುತ್ತೇವೆ. ಕರ್ಣ ಎಲ್ಲಿ ತಪ್ಪಿದ, ಐದು ಅಂಕ. ನನಗೆ ಕಾಣುವುದು ಬೇರೆ. ಈ ನಾಯಕರ ಕಥೆಯಲ್ಲಿ ಒಂದು ಗಳಿಗೆ ಬರುತ್ತದೆ. ಪಾರಾಗುವ ಬಾಗಿಲು ತೆರೆದಿರುತ್ತದೆ. ಯಾರೋ ಬಂದು ಕೈಹಿಡಿದು ಕರೆಯುತ್ತಲೂ ಇರುತ್ತಾರೆ. ಇವನು ಹೋಗುವುದಿಲ್ಲ. ಹೋಗದಂತೆ ತಡೆಯುವುದು ಅವನಲ್ಲಿರುವ ಕೆಟ್ಟ ಗುಣವಾಗಿದ್ದರೆ ನಾವು ‘ಅನುಭವಿಸಲಿ’ ಅಂದು ಸುಮ್ಮನಾಗುತ್ತಿದ್ದೆವು. ತಡೆಯುವುದು ಅವನಲ್ಲಿರುವ ಎಲ್ಲಕ್ಕಿಂತ ಒಳ್ಳೆಯ ಗುಣ. ನಾವು ಅಲ್ಲಿ ಸಿಕ್ಕಿಬೀಳುತ್ತೇವೆ.

ಕುಮಾರವ್ಯಾಸನ ಉದ್ಯೋಗಪರ್ವ ನೋಡಿ. ನಿಮ್ಮಲ್ಲಿ ಅನೇಕರು ಹತ್ತನೇ ಕ್ಲಾಸಿನಲ್ಲಿ ‘ಕೌರವೇಂದ್ರನ ಕೊಂದೆ ನೀನು’ ಬಾಯಿಪಾಠ ಮಾಡಿದ್ದೀರಿ. ಪರೀಕ್ಷೆ ಮುಗಿದಿದೆ, ಈಗ ಇನ್ನೊಂದು ಸಲ ಓದಿ. ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಮೈದುನತನದ ಸರಸ ಮಾಡುತ್ತ ಎಳೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಕರ್ಣ ಹೆದರುತ್ತಾನೆ: ನಿಮ್ಮ ಸಮಕ್ಕೆ ನಾನು ಕೂರಬಹುದೇ? ಕೃಷ್ಣ ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಸರಿದು, ನೀನು ಕುಂತಿಯ ಮೊದಲ ಮಗ ಅಂತ ಹೇಳುತ್ತಾನೆ. ಜೊತೆಗೆ ಒಂದು ಚಿತ್ರ ಬರೆದು ತೋರಿಸುತ್ತಾನೆ. ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ಎದುರಿಗೆ ಮಾದ್ರ ಮಾಗಧ ಯಾದವರು, ನಡುವೆ ನೀನು. ಇದನ್ನು ಬಿಟ್ಟು ಕುರುಪತಿ ದುರ್ಯೋಧನ ಕರೆದಾಗಲೆಲ್ಲ ‘ಜೀಯ ಹಸಾದ’ (ಒಡೆಯಾ, ಅಪ್ಪಣೆ) ಅನ್ನುವುದು ನಿನಗೆ ಕಷ್ಟ ಅಲ್ವಾ?

ಹುಟ್ಟಿದಾಗಿನಿಂದ ಸೂತಪುತ್ರ ಅನ್ನಿಸಿಕೊಂಡವನು ಕರ್ಣ. ಈ ಒಂದು ಮಾತಿಗಾಗಿ ಜೀವಮಾನವಿಡೀ ಕಾದಿದ್ದಾನೆ ಅಂದುಕೊಳ್ಳಿ. ಆ ಮಾತು ಕಿವಿಗೆ ಬಿದ್ದಾಗ ಏನಾಗುತ್ತದೆ? ‘ಕೊರಳ ಸೆರೆ ಹಿಗ್ಗಿದವು’ ಅನ್ನುತ್ತಾನೆ ಕವಿ. ಕಣ್ಣೀರು ನುಗ್ಗಿ ಬರುತ್ತದೆ. ಮನಸ್ಸಿನಲ್ಲಿ ಮೊದಲು ಏಳುವ ಯೋಚನೆ ಯಾವುದು ಗೊತ್ತಾ? ‘ಅಕಟಾ ಕುರುಪತಿಗೆ ಕೇಡಾದುದು.’ ತನ್ನ ಸುದ್ದಿಯೇ ಇಲ್ಲ. ಅಮ್ಮನ ಸುದ್ದಿ ಇಲ್ಲ, ಸಿಂಹಾಸನದ ಸುದ್ದಿ ಇಲ್ಲ. ಅಯ್ಯೋ, ನನ್ನ ಗೆಳೆಯ ಕೆಟ್ಟ. ಆಮೇಲೆ, ಕೃಷ್ಣನ ಹಗೆ ಸುಮ್ಮನೆ ಹೋಗುವುದಿಲ್ಲ, ನನ್ನ ವಂಶವನ್ನು ತಿಳಿಸಿಯೇ ನನ್ನನ್ನು ಕೊಂದ ಅಂತ ಅವನಿಗೆ ಹೊಳೆಯುತ್ತದೆ. ಯುದ್ಧ ಶುರುವಾಗುವ ಮೊದಲೇ ಕರ್ಣ ಸತ್ತಿದ್ದಾನೆ. ಕೊಲ್ಲಲು ಬಾಣ ಬೇಕಾಗಲಿಲ್ಲ, ಬರೀ ಒಂದು ನಿಜ ಸಾಕಾಯಿತು.

ಆಮೇಲೆ ಅವನ ಉತ್ತರ. ರಾಜ್ಯದ ಸಿರಿಗೆ ಸೋಲುವವನು ನಾನಲ್ಲ. ಸಾಕಿದ ಒಡೆಯನಿಗೆ ಹಗೆಗಳ ತಲೆ ಕಡಿದು ಒಪ್ಪಿಸುವ ಭರದಲ್ಲಿದ್ದೆ, ಈಗ ‘ಕೌರವೇಂದ್ರನ ಕೊಂದೆ ನೀನು’. ಕೊನೆಗೆ ಮಾತು ಕೊಡುತ್ತಾನೆ: ಒಡೆಯನ ಕಷ್ಟಕ್ಕೆ ಈ ಮೈಯನ್ನು ನೂಕುತ್ತೇನೆ, ನಿನ್ನ ಐವರನ್ನು ನೋಯಿಸುವುದಿಲ್ಲ, ‘ರಾಜೀವಸಖನಾಣೆ’. ರಾಜೀವಸಖ ಅಂದರೆ ಸೂರ್ಯ. ತಂದೆ ಯಾರು ಅಂತ ಈಗಷ್ಟೇ ಗೊತ್ತಾಗಿದೆ. ಆ ತಂದೆಯ ಮೇಲೆ ಆಣೆ ಇಡುತ್ತಾನೆ, ಅದೂ ಸಾಯುವುದಕ್ಕೆ. ಕುಮಾರವ್ಯಾಸ ಇದನ್ನು ಎತ್ತಿ ತೋರಿಸುವುದಿಲ್ಲ, ಸುಮ್ನೆ ಇಟ್ಟು ಮುಂದೆ ಹೋಗುತ್ತಾನೆ. ಗಮಕಿಗಳು ಇದನ್ನು ಹಾಡುವಾಗ ಮುಂದೆ ಕೂತವರ ಮುಖ ನೋಡಿ.

ಇಲ್ಲಿ ಗ್ರೀಸಿಗೆ ಹೋಗಿಬರೋಣ. ಗ್ರೀಕ್ ನಾಟಕಕಾರ ಸೋಫೋಕ್ಲಿಸನ ಈಡಿಪಸ್ ಕೂಡ ಹುಟ್ಟಿದಾಗಲೇ ಹೊರಗೆ ಎಸೆಯಲ್ಪಟ್ಟ ಕೂಸು. ಅವನನ್ನೂ ಕೆಡವುವುದು ಹುಟ್ಟಿನ ನಿಜವೇ: ಗೊತ್ತಿಲ್ಲದೆ ಅಪ್ಪನನ್ನು ಕೊಂದು ಅಮ್ಮನನ್ನೇ ಮದುವೆಯಾಗಿದ್ದಾನೆ. ವ್ಯತ್ಯಾಸ ಏನೆಂದರೆ ಕರ್ಣನಿಗೆ ಅದನ್ನು ಕೇಳದೆಯೇ ಹೇಳುತ್ತಾರೆ, ಈಡಿಪಸ್ ಹಟ ಹಿಡಿದು ಕೇಳುತ್ತಾನೆ. ಹೆಂಡತಿ ಯೊಕಾಸ್ತಾಗೆ ಮೊದಲೇ ಅರ್ಥವಾಗಿಬಿಡುತ್ತದೆ. ಬೇಡ, ಇನ್ನು ಕೇಳಬೇಡ ಅಂತ ಗೋಗರೆಯುತ್ತಾಳೆ. ಮುದಿ ಕುರುಬನೂ ಬಾಯಿ ಬಿಡಲು ಹೆದರುತ್ತಾನೆ. ಅವತ್ತು ಈಡಿಪಸ್ ‘ಆಯ್ತು, ಬಿಡಿ’ ಅಂದು ಎದ್ದು ಹೋಗಿದ್ದರೆ ಅವನ ಕಣ್ಣು ಉಳಿಯುತ್ತಿತ್ತು. ಆದರೆ ನಿಜ ಹುಡುಕದೆ ಬಿಡದ ಈ ಗುಣದಿಂದಲೇ ಅವನು ಒಗಟು ಬಿಡಿಸಿದ್ದು, ಊರನ್ನು ಉಳಿಸಿದ್ದು. ರಾಜನಾಗಿ ಮಾಡಿದ ಗುಣವೇ ಕುರುಡನನ್ನಾಗಿಯೂ ಮಾಡಿತು.

ನಮ್ಮ ರನ್ನನ ಕಥೆ ಇನ್ನೂ ಮಜವಾಗಿದೆ. ರನ್ನ ಮುಧೋಳದವನು, ಬಳೆಗಾರರ ಮನೆಯಲ್ಲಿ ಹುಟ್ಟಿದವನು, ಹತ್ತನೇ ಶತಮಾನದವನು. ಚಾಲುಕ್ಯ ಸತ್ಯಾಶ್ರಯನ ಆಸ್ಥಾನ ಕವಿ. ಅವನ ‘ಗದಾಯುದ್ಧ’ ಕಾವ್ಯದ ಇನ್ನೊಂದು ಹೆಸರೇ ‘ಸಾಹಸಭೀಮವಿಜಯ’. ಅಂದರೆ ಭೀಮನನ್ನು ಹೊಗಳಬೇಕು, ಭೀಮ ಅಂದರೆ ಸತ್ಯಾಶ್ರಯ ಅಂತ ಓದುಗರು ತಿಳಿಯಬೇಕು. ಅನ್ನ ಹಾಕಿದ ರಾಜನ ಕೆಲಸ. ಆದರೆ ಬರೆಯುತ್ತ ಹೋದಂತೆ ಕಾವ್ಯ ಕವಿಯ ಕೈ ಮೀರಿ ದುರ್ಯೋಧನನ ಪಾಲಾಯಿತು. ಇಂದು ‘ಗದಾಯುದ್ಧ’ ಅಂದರೆ ನಮಗೆ ನೆನಪಾಗುವುದು ಸೋತವನೇ. ಪಂಪನಿಗೂ ಹೀಗೇ ಆಗಿತ್ತು. 941ರಲ್ಲಿ ತನ್ನ ರಾಜ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಭಾರತ ಬರೆದವನು, ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ ಅಣ್ಣ, ಒಂದೇ ಮನಸ್ಸಿನಿಂದ ನೆನೆಯುವುದಾದರೆ ‘ಕರ್ಣನಂ ನೆನೆಯ’ ಅಂದುಬಿಟ್ಟ. ಅರಿಕೇಸರಿಗೆ ಅದನ್ನು ಕೇಳಿ ಏನನ್ನಿಸಿತೋ!

ಗದಾಯುದ್ಧದಲ್ಲಿ ನನಗೆ ಬಹಳ ಇಷ್ಟವಾದ ಭಾಗ ದುರ್ಯೋಧನನ ನಡಿಗೆ. ಭೀಷ್ಮರನ್ನು ಕಾಣಲು ಸಂಜಯನ ಜೊತೆ ರಣರಂಗದ ನಡುವೆ ಹೊರಟಿದ್ದಾನೆ. ಎಂದೂ ನೆಲಕ್ಕೆ ಕಾಲಿಡದ ಚಕ್ರವರ್ತಿ, ಈಗ ಗದೆಯೇ ಊರುಗೋಲು. ಹೆಣಗಳನ್ನು ದಾಟುತ್ತ, ರಕ್ತದಲ್ಲಿ ಜಾರುತ್ತ ಹೋಗುತ್ತಾನೆ. ಹಾಳು ಮರುಳುಗಳೂ (ಪಿಶಾಚಿಗಳೂ) ಅವನನ್ನು ನೋಡಿ ಅಣಕಿಸುತ್ತವೆ. ದ್ರೋಣರ ಹೆಣ ಸಿಗುತ್ತದೆ, ಶತ್ರುವಿನ ಮಗ ಅಭಿಮನ್ಯುವಿನ ಹೆಣ ಸಿಗುತ್ತದೆ. ಅದಕ್ಕೂ ಕೈಮುಗಿದು, ನಿನ್ನಂಥ ಸಾವು ನನಗೂ ಬರಲಿ ಅನ್ನುತ್ತಾನೆ. ಮಗ ಲಕ್ಷಣಕುಮಾರನ ಹೆಣದ ಮುಂದೆ ನಿಂತು, ಅಪ್ಪನಿಗೆ ಮಗ ನೀರು ಬಿಡಬೇಕು, ನೀನು ಕ್ರಮ ತಪ್ಪಿಸಿ ನಾನೇ ನಿನಗೆ ಬಿಡುವಂತೆ ಮಾಡಿದೆಯಲ್ಲ ಅಂತ ಮಗನನ್ನೇ ಆಕ್ಷೇಪಿಸುತ್ತಾನೆ. ದುಶ್ಶಾಸನನಿಗೂ ಇಂಥದ್ದೇ ಮಾತು: ಅಮ್ಮನ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು, ಎಲ್ಲದರಲ್ಲೂ ನನ್ನ ಹಿಂದೆಯೇ ಬಂದವನು ಸಾಯುವುದರಲ್ಲಿ ಮಾತ್ರ ಮುಂದೆ ಹೋದೆ. ಸಭೆಯಲ್ಲಿ ಸೀರೆಗೆ ಕೈ ಹಾಕಿದ ದುಶ್ಶಾಸನ ಇವನು. ನಮಗೆ ಅದು ಮರೆತಿಲ್ಲ. ಆದರೂ ಅಣ್ಣನೊಬ್ಬ ತಮ್ಮನ ಹೆಣದ ಮುಂದೆ ಹೀಗೆ ಮಾತಾಡುವಾಗ ನಮ್ಮ ತಕ್ಕಡಿ ಅಲುಗಾಡುತ್ತದೆ. ರನ್ನನಿಗೆ ಬೇಕಾಗಿದ್ದು ಇದೇ.

ಬಾಗಿಲುಗಳು ಇಲ್ಲಿಯೂ ತೆರೆದಿವೆ. ಅಪ್ಪ ಅಮ್ಮ ಸಂಧಿ ಮಾಡಿಕೋ ಅನ್ನುತ್ತಾರೆ, ಭೀಷ್ಮರೂ ಅನ್ನುತ್ತಾರೆ. ಅವನ ಉತ್ತರ ಕನ್ನಡದಲ್ಲಿ ಬಂದ ದೊಡ್ಡ ಮಾತುಗಳಲ್ಲಿ ಒಂದು. ನಾನು ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರಾ? ಛಲಕ್ಕಾಗಿ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು ನೆಲ, ಇದರ ಜೊತೆ ಮತ್ತೆ ಬಾಳುವೆ ಮಾಡಲೇ? ಗಮನಿಸಿ, ಕರ್ಣ ‘ಕುರುಪತಿ ಕೆಟ್ಟ’ ಅಂದು ರಾಜ್ಯ ಬಿಟ್ಟ. ಕುರುಪತಿ ‘ಕರ್ಣ ಹೋದ’ ಅಂದು ರಾಜ್ಯ ಬಿಟ್ಟ. ಇಬ್ಬರು ಕವಿಗಳ ನಡುವೆ ನಾಲ್ಕೈದು ಶತಮಾನ ಇದೆ, ಆದರೂ ಒಬ್ಬ ಗೆಳೆಯ ಇನ್ನೊಬ್ಬನಿಗೆ ಉತ್ತರ ಕೊಟ್ಟ ಹಾಗಿದೆ.

ಭೀಷ್ಮರ ಮಾತಿಗೆ ಒಂದು ದಿನದ ಮಟ್ಟಿಗೆ ವೈಶಂಪಾಯನ ಸರೋವರದಲ್ಲಿ ಅಡಗಲು ಒಪ್ಪುತ್ತಾನೆ. ಭೀಮ ದಡದಲ್ಲಿ ನಿಂತು ಗರ್ಜಿಸುತ್ತಾನೆ. ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ.’ ನೀರಿನೊಳಗಿದ್ದೂ ಬೆವರಿದ! ಸಿಟ್ಟಿನಿಂದ ಅನ್ನಿ, ಅವಮಾನದಿಂದ ಅನ್ನಿ. ಸುಮ್ಮನೆ ಉಸಿರು ಹಿಡಿದು ಕೂತಿದ್ದರೆ ಬದುಕುತ್ತಿದ್ದನೇನೋ. ಎದ್ದು ಬರುತ್ತಾನೆ.

ಈಗ ನಮ್ಮ ವಿಷಯಕ್ಕೆ ಬರೋಣ. ನಾವು ಯಾರೂ ನೀರಿನಿಂದ ಎದ್ದು ಬರುವವರಲ್ಲ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುವ ಊರಿನವರು ನಾವು. ಬಸ್ಸಿನ ಸೀಟಿನಿಂದ ಹಿಡಿದು ಆಫೀಸಿನವರೆಗೆ, ಮದುವೆ ಮಾತುಕತೆಯವರೆಗೆ ಅದೇ. ಸಾಹೇಬರು ಬೈದರೆ ನಕ್ಕು ಬರುತ್ತೇವೆ. ನೆಂಟರ ಮನೆಯಲ್ಲಿ ಅವಮಾನವಾದರೆ, ಹೋಗಲಿ ಬಿಡು, ಮಗಳ ಮದುವೆಗೆ ಇವರು ಬೇಕು ಅಂತ ನುಂಗಿಕೊಳ್ಳುತ್ತೇವೆ. ಗೆಳೆಯ ತೊಂದರೆಯಲ್ಲಿದ್ದಾಗ ಫೋನ್ ಎತ್ತುವುದಿಲ್ಲ. ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅಡ್ಜಸ್ಟ್ ಮಾಡಿಕೊಳ್ಳದಿದ್ದರೆ ಮನೆ ನಡೆಯುವುದಿಲ್ಲ, ಊರು ನಡೆಯುವುದಿಲ್ಲ. ಆದರೆ ಪ್ರತಿ ಸಲ ನುಂಗಿಕೊಂಡಾಗಲೂ ಒಳಗೆ ಒಂದು ಚೂರು ಉಳಿಯುತ್ತದೆ. ಕರ್ಣ ರಥದಿಂದ ಇಳಿದು ವಾಪಸ್ ಹೋಗುವಾಗ ಆ ಚೂರು ಎದ್ದು ನಿಲ್ಲುತ್ತದೆ. ನಾನು ಬಿಟ್ಟುಕೊಟ್ಟಿದ್ದನ್ನು ಇವನು ಬಿಟ್ಟುಕೊಡಲಿಲ್ಲ ಅನ್ನಿಸುತ್ತದೆ. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬರುತ್ತದೆ: ಸದ್ಯ, ನಾನು ಇವನ ಹಾಗೆ ಮಾಡಲಿಲ್ಲ, ಬದುಕಿದೆ. ಹೆಮ್ಮೆ, ನಾಚಿಕೆ, ನಿರಾಳ, ಮೂರೂ ಒಟ್ಟಿಗೆ ಬರುವ ಅಳು ಅದು. ನಮ್ಮ ಸಲುವಾಗಿ ಅವನು ಸಾಯುತ್ತಾನೆ, ನಾವು ಮನೆಗೆ ಹೋಗಿ ಮತ್ತೆ ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ. ಊರಿನ ಆ ದುಡ್ಡಿರುವ ಮನುಷ್ಯ ದುರ್ಯೋಧನನ ಪಾರ್ಟು ಕೊಳ್ಳುವುದೂ ಇದಕ್ಕೇ ಅಂತ ನನ್ನ ಗುಮಾನಿ. ಒಂದು ರಾತ್ರಿ ಅವನು ಯಾರಿಗೂ ತಲೆಬಾಗಬೇಕಾಗಿಲ್ಲ.

ನಮ್ಮ ನಾಟಕ ಪರಂಪರೆಗೆ ದುರಂತ ಅಷ್ಟು ಇಷ್ಟವಿರಲಿಲ್ಲ. ಸಂಸ್ಕೃತ ನಾಟಕಗಳಲ್ಲಿ ರಂಗದ ಮೇಲೆ ಸಾವು ತೋರಿಸಬಾರದು ಅಂತ ಕಟ್ಟಳೆ. ಭಾಸನ ‘ಊರುಭಂಗ’ ಅದನ್ನು ಮುರಿದ ನಾಟಕ. ತೊಡೆ ಮುರಿದು ಬಿದ್ದ ದುರ್ಯೋಧನನ ಹತ್ತಿರ ಪುಟ್ಟ ಮಗ ದುರ್ಜಯ ಬಂದು ತೊಡೆಯ ಮೇಲೆ ಕೂರುತ್ತೇನೆ ಅನ್ನುತ್ತಾನೆ. ಅಷ್ಟು ಸಾಕು, ಮುಂದೆ ಹೇಳುವುದಿಲ್ಲ. ಕನ್ನಡದಲ್ಲಿ ಇದನ್ನು ಬೇಕೆಂದೇ ತಂದವರು ಬಿಎಂಶ್ರೀ. ರನ್ನನ ಕಾವ್ಯದೊಳಗೆ ಒಂದು ನಾಟಕ ಅಡಗಿದೆ ಅಂತ ಕಂಡು ‘ಗದಾಯುದ್ಧ ನಾಟಕ’ ಕಟ್ಟಿದರು. 1929ರ ‘ಅಶ್ವತ್ಥಾಮನ್’ನಲ್ಲಿ ಸೋಫೋಕ್ಲಿಸನ ನಾಟಕದ ಗ್ರೀಕ್ ವೀರ ಏಜಾಕ್ಸನ ಕಥೆಯನ್ನು ಅಶ್ವತ್ಥಾಮನಿಗೆ ಹೊಂದಿಸಿದರು. ಚಿರಂಜೀವಿಯನ್ನೇ ಸಾಯಿಸಿದರು ಅಂತ ಬೇಸರ ಮಾಡಿಕೊಂಡವರೂ ಉಂಟು.

ಸಿನಿಮಾಕ್ಕೆ ಬರೋಣ, ನೀವೆಲ್ಲ ಕಾಯುತ್ತಿರುವುದು ಅದಕ್ಕೇ. 1971ರ ‘ಕಸ್ತೂರಿ ನಿವಾಸ’. ಬೆಂಕಿಪೊಟ್ಟಣದ ಫ್ಯಾಕ್ಟರಿ ಮಾಲೀಕ ರವಿವರ್ಮ, ರಾಜ್‌ಕುಮಾರ್ ಪಾತ್ರ. ಕೊಡುವುದಷ್ಟೇ ಗೊತ್ತು, ಕೇಳುವುದು ಗೊತ್ತಿಲ್ಲ. ಎಲ್ಲ ಕಳೆದುಕೊಂಡ ಮೇಲೂ ಆ ಅಭ್ಯಾಸ ಹೋಗುವುದಿಲ್ಲ. ಕೊನೆಗೆ ಮನೆಗೆ ಬಂದ ನೀಲಾ ಅವನ ಪಾರಿವಾಳವನ್ನು ಕೇಳುತ್ತಾಳೆ. ಅವಳಿಗೆ ಊಟ ಹಾಕುವ ಸಲುವಾಗಿಯೇ ಅವನು ಅದನ್ನು ಆಗಲೇ ಕಳೆದುಕೊಂಡಾಗಿದೆ. ಇಲ್ಲ ಅನ್ನಬೇಕಾದ ಮೊದಲ ಗಳಿಗೆ ಅವನ ಕೊನೆಯ ಗಳಿಗೆಯೂ ಹೌದು. ಕರ್ಣ ಸೂಟು ಹಾಕಿಕೊಂಡು ಬಂದ ಹಾಗಿದೆ. ಈ ಸಿನಿಮಾ 2014ರಲ್ಲಿ ಬಣ್ಣದಲ್ಲಿ ಮತ್ತೆ ಬಂದಾಗಲೂ ಜನ ಹೋಗಿ ಅತ್ತರು. ಕಥೆ ಗೊತ್ತಿಲ್ಲದೆ ಯಾರೂ ಹೋಗಿರಲಿಲ್ಲ.

ಮಾರನೇ ವರ್ಷ ‘ನಾಗರಹಾವು’. ರಾಮಾಚಾರಿ ಒರಟ, ಸಿಟ್ಟಿನವನು, ಚಿತ್ರದುರ್ಗದ ಕೋಟೆಯ ಕಲ್ಲಿನ ಜಾತಿಯವನು. ಅವನು ತಲೆಬಾಗುವುದು ಚಾಮಯ್ಯ ಮೇಷ್ಟ್ರಿಗೆ ಮಾತ್ರ. ಮೇಷ್ಟ್ರು ಹೇಳಿದರು ಅಂತ ಅಲಮೇಲುವನ್ನು ಬಿಡುತ್ತಾನೆ. ಬೇರೆ ಮದುವೆಯಾದ ಅವಳ ಬಾಳು ಹೇಗೆ ಹಾಳಾಯಿತು ಅಂತ ಆಮೇಲೆ ಕಣ್ಣಾರೆ ನೋಡುತ್ತಾನೆ. ಎರಡನೇ ಸಲ ಮೇಷ್ಟ್ರು ಮಾರ್ಗರೆಟ್‌ಳನ್ನೂ ಬಿಡು ಅನ್ನುತ್ತಾರೆ. ಈಗ ಏನು ಮಾಡಬೇಕು? ಮಾತು ಕೇಳಿದರೆ ಒಬ್ಬಳು ಹಾಳಾಗುತ್ತಾಳೆ ಅಂತ ಅನುಭವದಿಂದ ಗೊತ್ತಿದೆ. ಕೇಳದಿದ್ದರೆ ದೇವರಂಥ ಗುರುವಿಗೆ ಎದುರಾಡಿದ ಹಾಗೆ. ಗುಡ್ಡದ ಮೇಲೆ ಮೇಷ್ಟ್ರು ಅವನ ಕೈಯಿಂದಲೇ ಬಿದ್ದು ಸಾಯುತ್ತಾರೆ. ರಾಮಾಚಾರಿ, ಮಾರ್ಗರೆಟ್ ಕೂಡ ಹಾರುತ್ತಾರೆ. ಪುಟ್ಟಣ್ಣ ಕಣಗಾಲ್ ಇಲ್ಲಿ ಮಾಡಿದ ದೊಡ್ಡ ಕೆಲಸ ಅಂದರೆ ಮೇಷ್ಟ್ರನ್ನು ಖಳನಾಯಕ ಮಾಡಲಿಲ್ಲ. ಮೇಷ್ಟ್ರ ಪಾತ್ರ ಮಾಡಿದ ಅಶ್ವತ್ಥ್ ಅವರ ಮುಖದಲ್ಲಿ ಪ್ರೀತಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಪ್ರೀತಿಯೇ ಹುಡುಗನನ್ನು ಮುಗಿಸಿತು.

ಇನ್ನೊಂದು ಮಾತು ಹೇಳಬೇಕು, ಸ್ವಲ್ಪ ಕಹಿ. ಈಗಿನ ಅನೇಕ ಸಿನಿಮಾಗಳಲ್ಲಿ ನಾಯಕ ಕೊನೆಗೆ ಸಾಯುತ್ತಾನೆ, ಹಿಂದೆ ಗಟ್ಟಿಯಾಗಿ ಸಂಗೀತ ಬರುತ್ತದೆ, ನಿಧಾನಕ್ಕೆ ಬೀಳುತ್ತಾನೆ. ಅದು ದುರಂತ ಅಲ್ಲ, ಬರೀ ಸಾವು. ಅವನಿಗೆ ಯಾರೂ ಬಾಗಿಲು ತೆರೆದಿರಲಿಲ್ಲ, ಅವನು ಏನನ್ನೂ ಆರಿಸಿಕೊಂಡಿರಲಿಲ್ಲ. ಹಾಗೆಯೇ ‘ದುರ್ಯೋಧನನೇ ನಿಜವಾದ ಒಳ್ಳೆಯವನು’ ಅಂತ ಸಾಧಿಸುವ ಖಯಾಲಿ. ರನ್ನ ಅವನ ಪಾಪ ತೊಳೆಯಲಿಲ್ಲ. ಕಾವ್ಯದ ಶುರುವಿನಲ್ಲೇ ಮುಡಿ ಬಿಚ್ಚಿಕೊಂಡ ದ್ರೌಪದಿಯನ್ನು ತಂದು ನಿಲ್ಲಿಸಿದ್ದಾನೆ. ಪಾಪ ತೊಳೆದುಬಿಟ್ಟರೆ ಅವನು ಅನ್ಯಾಯಕ್ಕೆ ಸಿಕ್ಕ ಸಜ್ಜನ ಆಗುತ್ತಾನೆ, ಅಷ್ಟೇ. ನೀರೊಳಗೆ ಬೆವರಿದವನು ಮಾಯವಾಗುತ್ತಾನೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಕೇಳಿದಳು: ‘ಸರ್, ಎಲ್ಲ ಗಂಡಸರೇ ಆಯ್ತಲ್ಲ. ಶರಪಂಜರದ ಕಾವೇರಿ?’ ಒಳ್ಳೆಯ ಪ್ರಶ್ನೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣನವರದೇ ಸಿನಿಮಾ, ಕಲ್ಪನಾ ಮಾಡಿದ ಪಾತ್ರ. ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಬರುತ್ತಾಳೆ. ಅವಳಿಗೆ ಬೇಕಾಗಿದ್ದು ಮಾಮೂಲಿ ಬದುಕು. ಗಂಡ ನಂಬುವುದಿಲ್ಲ, ಅಕ್ಕಪಕ್ಕದವರು ನಂಬುವುದಿಲ್ಲ, ಕೊನೆಗೆ ಮತ್ತೆ ಆಸ್ಪತ್ರೆಯ ದಾರಿ. ನಾನು ಹೇಳಿದ ಲೆಕ್ಕದಲ್ಲಿ ಅವಳು ದುರಂತ ನಾಯಕಿ ಆಗುವುದಿಲ್ಲ. ಕರ್ಣನಿಗೆ ಕೃಷ್ಣ ರಥ ತಂದ, ಕಾವೇರಿಗೆ ಯಾರೂ ಏನೂ ತರಲಿಲ್ಲ. ಬೇಡ ಅನ್ನುವುದಕ್ಕಾದರೂ ಮೊದಲು ಯಾರಾದರೂ ಕೊಡಬೇಕು ತಾನೇ? ಕರ್ಣನಿಗಾಗಿ ಅತ್ತ ಮೇಲೆ ಮನಸ್ಸು ಹಗುರವಾಗುತ್ತದೆ. ಕಾವೇರಿಯನ್ನು ನೋಡಿದ ಮೇಲೆ ನನಗೆ ಹಗುರವಾಗುವುದಿಲ್ಲ, ಸಿಟ್ಟು ಬರುತ್ತದೆ. ಹುಡುಗಿ ಒಪ್ಪಲಿಲ್ಲ. ‘ಅವಳು ವಾಸಿಯಾಗಿ ವಾಪಸ್ ಬಂದಿದ್ದೇ ಅವಳ ಆಯ್ಕೆ ಅಲ್ವಾ ಸರ್’ ಅಂದಳು. ಅದರ ಮೇಲೆ ಅಲ್ಲಿದ್ದವರೆಲ್ಲ ಸೇರಿ ಕಾರಿಡಾರಿನಲ್ಲಿ ಕಾಫಿ ಮುಗಿಯುವ ತನಕ ಜಗಳ ಆಡಿದೆವು.